ಮಾವನ ನೆಗಡಿ ಎಣ್ಣೆ ಹರಳುಗಟ್ಟಿದ ದಿನ

ಬೆಳಿಗ್ಗೆ ಎದ್ದು ಹಾಲಿಡುವ ಮೊದಲು ಕಿಟಕಿ ಪಕ್ಕದ ಟ್ರೇಗಳನ್ನು ನೋಡಿದೆ. ಇನ್ನೂರು ಪುಟ್ಟ ಸೀಸೆಗಳು, ಒಂದೊಂದರ ತಳದಲ್ಲೂ ಬಿಳಿ ಸೂಜಿಗಳು.

ಎಣ್ಣೆ ಹರಳುಗಟ್ಟಿತ್ತು.

ಇನ್ನೆರಡು ದಿನಕ್ಕೆ ಹೆಮ್ಮಿಗೆಯಲ್ಲಿ ನನ್ನ ತಂಗಿಯ ಮದುವೆ. ತಾಂಬೂಲದ ಕವರಿಗೆ ತೆಂಗಿನಕಾಯಿ ಜೊತೆ ಒಂದೊಂದು ಸೀಸೆ ನೆಗಡಿ ಎಣ್ಣೆ ಹಾಕೋಣ ಎಂದು ಹಟ ಹಿಡಿದವರು ನನ್ನ ಮಾವ.

"ಕಾಯಿ ಎಲ್ರೂ ಕೊಡ್ತಾರೆ ಕನವ್ವ. ನಮ್ ಮನೆ ಕಡೆಯಿಂದ ಘಮ ಓಗ್ಲಿ" ಅಂದಿದ್ದರು.

ಮಾವ ನಂಜನಗೂಡಿನ ಒಂದು ಆಯುರ್ವೇದ ಔಷಧಿ ಕಾರ್ಖಾನೆಯ ಮಿಕ್ಸಿಂಗ್ ರೂಮಿನಲ್ಲಿ ಮೂವತ್ತು ವರ್ಷ ದುಡಿದವರು. ಅವರು ಮೂಸಿ ತಲೆಯಾಡಿಸದೆ ಒಂದು ಡಬ್ಬಿಯೂ ಪ್ಯಾಕಿಂಗಿಗೆ ಹೋಗುತ್ತಿರಲಿಲ್ಲವಂತೆ. ರಿಟೈರ್ ಆಗಿದ್ದಾರೆ, ಆ ಗತ್ತು ಮಾತ್ರ ಇನ್ನೂ ಸರ್ವೀಸಿನಲ್ಲೇ ಇದೆ.

ನೆಗಡಿ ಎಣ್ಣೆ ಮಾಡುವುದು ನೋಡಲು ಚೆಂದ. ಗ್ರಂದಿಗೆ ಅಂಗಡಿಯಿಂದ ಪುದೀನ ಹೂವು (ಅಂದರೆ ಮೆಂಥಾಲ್), ಓಮದ ಹೂವು (ಓಮದಿಂದ ತೆಗೆದ ಹರಳು), ಪಚ್ಚ ಕರ್ಪೂರ. ಮೂರೂ ಗಟ್ಟಿ ಹರಳುಗಳೇ, ಆದರೆ ಗಾಜಿನ ಪಾತ್ರೆಗೆ ಹಾಕಿ ಕಲಕುತ್ತಾ ಕೂತರೆ ಬೆಂಕಿಯ ಹಂಗಿಲ್ಲದೆ ಕರಗಿ ನೀರಾಗುತ್ತವೆ. ಮೇಲೊಂದಿಷ್ಟು ನೀಲಗಿರಿ ಎಣ್ಣೆ ಬಿಟ್ಟರೆ ಮುಗಿಯಿತು.

ಆದರೆ ಮೂರರಲ್ಲಿ ಒಂದು ಅತಿಯಾದರೂ ಕೆಟ್ಟಿತು. ಸ್ವಲ್ಪ ಚಳಿ ಬಿದ್ದರೆ ಸಾಕು, ಆ ಹೆಚ್ಚಾದದ್ದು ಮತ್ತೆ ಹರಳಾಗಿ ತಳ ಸೇರುತ್ತದೆ.

ನಾನು ಹೈಸ್ಕೂಲ್ ಸೈನ್ಸ್ ಟೀಚರ್. ಹಿಂದಿನ ದಿನವೇ ಪುಟ್ಟ ಡಿಜಿಟಲ್ ತಕ್ಕಡಿ ತಂದುಕೊಟ್ಟಿದ್ದೆ. "ಅದ ಚಿನ್ನದಂಗಡಿಯೋರ್ಗೆ ಕೊಡು. ಮೂಗಿರೋರ್ಗೆ ತಕ್ಕಡಿ ಯಾಕೆ?" ಎಂದು ಪಕ್ಕಕ್ಕೆ ಸರಿಸಿದರು.

ಕಲಕುವುದು, ಮೂಸುವುದು, "ಇನ್ನೊಸಿ ಬೇಕು" ಅನ್ನುವುದು, ಇನ್ನೊಂದು ಹಿಡಿ ಪುದೀನ ಹೂವು ಹಾಕುವುದು... ನಾನು ಹೆಮ್ಮೆಯಿಂದ ವಿಡಿಯೋ ಮಾಡುತ್ತಾ ನಿಂತಿದ್ದೆ.

ಈಗ ಒಂದು ಸೀಸೆ ತೆಗೆದು ಮೂಸಿದೆ. ಕಣ್ಣಲ್ಲಿ ಬುಳಬುಳನೆ ನೀರು. ಬರೀ ಮೆಂಥಾಲ್! ಓಮವೂ ಇಲ್ಲ, ಕರ್ಪೂರವೂ ಇಲ್ಲ.

"ಚಳಿ ಶಾನೆ ಅಲ್ವಾ, ಅದ್ಕೇಯ" ಅಂದರು ಅತ್ತೆ. ಮಾವ ಮಾತ್ರ "ಅಂಗಡಿಯವ್ನು ಕಲಬೆರ್ಕೆ ಮಾಲ್ ಕೊಟ್ಟವ್ನೆ, ಈಗ್ಲೇ ಓಗಿ ಕೇಳ್ತೀನಿ" ಎಂದು ಚಪ್ಪಲಿ ಮೆಟ್ಟಿದರು.

ನನಗೆ ಸಿಟ್ಟು ಬಂತು. ತಪ್ಪು ತಮ್ಮದು, ಬೈಗುಳ ಅಂಗಡಿಯವನಿಗೆ!

ನನ್ನ ಟೀಚರ್ ಬುದ್ಧಿ ಸುಮ್ಮನಿರಬೇಕಲ್ಲ. ಒಂದು ಸೀಸೆಗೆ ಓಮದ ಹೂವು ಕರಗಿಸಿದ ಅಡುಗೆ ಎಣ್ಣೆ, ಇನ್ನೊಂದಕ್ಕೆ ಬರೀ ಅಡುಗೆ ಎಣ್ಣೆ ತುಂಬಿ, ಅವರನ್ನು ಹಿತ್ತಿಲಿಗೆ ಕರೆದೆ. "ಮಾವ, ಇದರಲ್ಲಿ ಓಮ ಯಾವುದು ಹೇಳಿ ನೋಡೋಣ" ಅಂದೆ.

ಮೂಸಿದರು. ಮತ್ತೆ ಮೂಸಿದರು. ಆಮೇಲೆ ಎರಡನ್ನೂ ಒಗೆಯುವ ಕಲ್ಲಿನ ಮೇಲೆ ಮೆಲ್ಲಗೆ ಇಟ್ಟರು.

"ಒಂದ್ರಲ್ಲೂ ಏನೂ ಬರ್ನಿಲ್ಲ ಕನವ್ವ."

ಒಂದೂವರೆ ವರ್ಷದ ಹಿಂದೆ ಜೋರು ಜ್ವರ ಬಂದು ಮಲಗಿದ್ದರಲ್ಲ, ಅವತ್ತಿನಿಂದ ಅವರಿಗೆ ಯಾವ ವಾಸನೆಯೂ ಗೊತ್ತಾಗುತ್ತಿಲ್ಲ.

"ಪುದೀನ ಊವೊಂದು ಮೂಗೊಳಿಕ್ಕೆ ತಣ್ಣಗೆ ಓಯ್ತದೆ. ಗೊತ್ತಾಗದು ಅದೊಂದೇಯ. ಅದು ಜೋರಾಗಿ ಸಿಕ್ಕಗಂಟ ಆಕ್ತಾ ಓದೆ... ನಿಮ್ಮತ್ತೆಗೆ ಯೋಳ್ಬ್ಯಾಡ. ನನ್ಗೆ ಗೊತ್ತಿದ್ದುದ್ದು ಈ ಮೂಗಿನ ಕೆಲ್ಸ ಒಂದೇ."

ನನಗೆ ನನ್ನ ಮೇಲೇ ನಾಚಿಕೆಯಾಯಿತು. ಎಂಟನೇ ಕ್ಲಾಸ್ ಮಕ್ಕಳಿಗೂ ನಾನು ಇಂಥ ಟೆಸ್ಟ್ ಕೊಟ್ಟಿಲ್ಲ.

ಅವತ್ತೇ ಎಲ್ಲಾ ಸೀಸೆಗಳನ್ನೂ ಬಿಸಿನೀರಿನ ಪಾತ್ರೆಯಲ್ಲಿ ನಿಲ್ಲಿಸಿ ಹರಳು ಕರಗಿಸಿದೆವು, ಮತ್ತೆ ಒಂದೇ ಪಾತ್ರೆಗೆ ಸುರಿದೆವು. ಕಡಿಮೆ ಬಿದ್ದಿದ್ದ ಓಮ, ಕರ್ಪೂರವನ್ನು ಮಾವ ತಕ್ಕಡಿಯಲ್ಲಿ ತೂಗಿ ಹಾಕಿದರು. ಮೂಸುವ ಕೆಲಸ ನನ್ನದು. ಅತ್ತೆ ಅಡುಗೆಮನೆಯಿಂದ ಇಣುಕಿದರೆ ಮಾವನೂ ಪಾತ್ರೆಗೆ ಮೂಗಿಟ್ಟು ಗಂಭೀರವಾಗಿ ತಲೆಯಾಡಿಸುತ್ತಿದ್ದರು. ನಗು ತಡೆಯುವಷ್ಟರಲ್ಲಿ ನನಗೆ ಸಾಕಾಗಿಹೋಯಿತು.

ಮರುದಿನ ಬೆಳಿಗ್ಗೆ ಅದೇ ಕಿಟಕಿ, ಅದೇ ಚಳಿ. ಒಂದು ಸೂಜಿಯೂ ಇಲ್ಲ.

ಮದುವೆಮನೆಯಲ್ಲಿ ಜನ ಬಸ್ಸು ಹತ್ತುವ ಮೊದಲೇ ಕವರಿಗೆ ಕೈಹಾಕಿ ಸೀಸೆ ತೆಗೆದು ಮೂಸುತ್ತಿದ್ದರು. "ಇದ ಮಾಡ್ದೋರು ಯಾರು ಸಾ?" ಎಂದು ಗಂಡಿನ ಕಡೆಯವರೊಬ್ಬರು ಕೇಳಿದಾಗ ಮಾವ ನನ್ನ ಕಡೆ ಕೈ ತೋರಿಸಿದರು. ನಾನು ಅವರ ಕಡೆ ತೋರಿಸಿದೆ.

ಸಂಜೆ ಕಾರಿನಲ್ಲಿ ವಾಪಸ್ ಬರುತ್ತಿದ್ದೇವೆ. ಅತ್ತೆ ಮುಂದಿನ ಸೀಟಿನಲ್ಲಿ ನಿದ್ದೆ. ನನ್ನ ಏಳು ತಿಂಗಳ ಮಗಳು ಮಾವನ ತೊಡೆಯ ಮೇಲೆ ಮಲಗಿದ್ದಾಳೆ. ಮಾವ ಬಗ್ಗಿ ಅವಳ ನೆತ್ತಿಗೆ ಮೂಗು ತಾಗಿಸಿ ಬಹಳ ಹೊತ್ತು ಹಾಗೇ ಇದ್ದರು.

"ಇದು ಉಟ್ಟಿದ್ದು ನನ್ಗೆ ಜ್ವರ ಬಂದ್ ಓದ್ಮೇಲೆ ಅಲ್ವಾ... ಎಂಗ್ ಘಮ್ಮಂತದವ್ವ? ಒಸಿ ಯೋಳು."

ಬಗ್ಗಿ ಮೂಸಿದೆ. "ಹರಳೆಣ್ಣೆ ಮಾವ, ಸ್ವಲ್ಪ ಹಾಲು, ಸಾಂಬ್ರಾಣಿ ಹೊಗೆ..." ಅಂದೆ.

ಅವರು ಅದಲ್ಲವೆಂಬಂತೆ ತಲೆಯಾಡಿಸಿದರು. "ಎಣ್ಣೇದು ನನ್ಗೂ ಗೊತ್ತು ಕನವ್ವ. ಕೂಸಿಂದು ಯೋಳು."

ನಂಜನಗೂಡು ಬರುವವರೆಗೂ ಮತ್ತೆ ಮತ್ತೆ ಬಗ್ಗಿ ಅವಳ ನೆತ್ತಿ ಮೂಸುತ್ತಲೇ ಇದ್ದೆ, ಇವತ್ತಿಗೂ ಎತ್ತಿಕೊಂಡಾಗಲೆಲ್ಲ ಮೂಸಿ ಆ ಘಮಕ್ಕೊಂದು ಪದ ಹುಡುಕುತ್ತಿದ್ದೇನೆ.

ಮಕ್ಕಳನ್ನು ಎತ್ತಿ ಆಡಿಸಿದವರು ಇಲ್ಲಿ ಎಷ್ಟೋ ಜನ ಇದ್ದೀರಿ... ನಾನು ಮಾವನಿಗೆ ಏನಂತ ಹೇಳಲಿ?