ಸಂಪಾದಕರು ಕೊಟ್ಟ ಉಪವಾಸ

ನನ್ನ ಅಮ್ಮ ಒಂದು ದಿನವೂ ಉಪವಾಸ ಮಲಗಿದವಳಲ್ಲ. ಕಾಪುವಿನಲ್ಲಿ ಬುಟ್ಟಿ ಹೊತ್ತು ಮೀನು ಮಾರುತ್ತಿದ್ದ ಕಾಲದಲ್ಲೂ, ಮನೆಯಿಂದ ಹೊರಡುವ ಮೊದಲು ಎರಡು ಒಳ್ಳೆಯ ಮೀನು ಮನೆಗೆಂದು ತೆಗೆದಿಡುವುದು ಅವಳ ಕಟ್ಟುನಿಟ್ಟು. “ನಮ್ಮ ಮನೆಯಲ್ಲಿ ಸಾರಿಲ್ಲದೆ ಊರಿಗೆಲ್ಲ ಮೀನು ಕೊಟ್ಟರೆ ಅದು ಎಂತ ವ್ಯಾಪಾರ?” ಎನ್ನುತ್ತಿದ್ದಳು. ಮಾಸಪತ್ರಿಕೆಯೊಂದರ ವಿಶೇಷಾಂಕಕ್ಕೆ ನಾನು ಬರೆದ ಲೇಖನ ಆ ಎರಡು ಮೀನಿನ ಬಗ್ಗೆಯೇ ಇತ್ತು.

ಸಂಪಾದಕರು ಮಣಿಪಾಲದವರು, ನಾನು ಕಾರ್ಕಳದ ಕಾಲೇಜೊಂದರಲ್ಲಿ ಪಾಠ ಮಾಡುವವಳು. ನನಗೆ ಬರೆಯಲು ಕಲಿಸಿದವರು ಅವರೇ. ನನ್ನ ಮೊದಲ ಲೇಖನದ ಆರಂಭದ ಎರಡು ಪ್ಯಾರಾ ಹೊಡೆದುಹಾಕಿ, “ನಿಮ್ಮ ಬರಹ ಶುರುವಾಗುವುದು ಇಲ್ಲಿಂದ” ಎಂದಿದ್ದರು. ಅದು ನಿಜವಾಗಿತ್ತು. ಆ ಋಣವೇ ಇವತ್ತಿಗೂ ನನ್ನ ಬಾಯಿ ಕಟ್ಟಿಹಾಕಿದೆ.

ಉಡುಪಿಗೆ ಹೋಗುವ ಬಸ್ಸಿನಲ್ಲಿದ್ದಾಗ ಲೇಖನದ ಪ್ರೂಫ್ ಮೊಬೈಲಿಗೆ ಬಂತು. ಎರಡು ಮೀನೂ ಮಾಯ! ಆ ಜಾಗದಲ್ಲಿ, ‘ಅಮ್ಮ ಉಪವಾಸ ಮಲಗಿ ನನ್ನನ್ನು ಓದಿಸಿದಳು’ ಎಂಬ ಸಾಲು. ತಕ್ಷಣ ಫೋನ್ ಮಾಡಿದೆ.

“ಮೇಡಂ, ಮೀನು ತಿಂದು ಮಲಗಿದ ಅಮ್ಮನಿಗೆ ಯಾರು ಅಳ್ತಾರೆ? ನಿಮಗೆ ಇರುವುದು ಒಂದೇ ಪುಟ. ಅರ್ಧ ಗಂಟೆಯಲ್ಲಿ ಪ್ರೆಸ್ಸಿಗೆ ಹೋಗ್ತದೆ. ಓಕೆ ಅಲ್ವಾ?”

ವಿಶೇಷಾಂಕದಲ್ಲಿ ಹೆಸರು ಬರುವ ಆಸೆ ದೊಡ್ಡದಿತ್ತು. “ಓಕೆ ಸರ್” ಅಂದೆ. ಅಮ್ಮನಿಗೆ ಓದಲು ಬರುವುದಿಲ್ಲ ಎಂಬ ಧೈರ್ಯವೂ ಇತ್ತು. ಅದನ್ನು ಹೇಳಿಕೊಳ್ಳಲು ಈಗ ನಾಚಿಕೆಯಾಗುತ್ತದೆ.

ಪತ್ರಿಕೆ ಬಂದ ಮೇಲೆ ಸಹೋದ್ಯೋಗಿಗಳು ಕಣ್ಣೊರೆಸಿಕೊಂಡು ನನ್ನ ಕೈ ಹಿಡಿದರು. ಆ ಉಪವಾಸ ಸುಳ್ಳೆನ್ನುವಂತಿಲ್ಲ, ಲೇಖನದ ಕೆಳಗೆ ಇರುವುದು ನನ್ನದೇ ಹೆಸರು. ಬಿಸಿ ತುಪ್ಪ, ನುಂಗುವ ಹಾಗೂ ಇಲ್ಲ, ಉಗುಳುವ ಹಾಗೂ ಇಲ್ಲ.

ಭಾನುವಾರ ಕಾಪುವಿಗೆ ಹೋದೆ. ಪಕ್ಕದ ಮನೆಯವರು ಆಗಲೇ ಲೇಖನವನ್ನು ಅಮ್ಮನಿಗೆ ಓದಿ ಹೇಳಿ, ತಾವೂ ಅತ್ತು ಹೋಗಿದ್ದರಂತೆ. ಅಮ್ಮ ಗಂಜಿ, ಬಂಗುಡೆ ಮೀನಿನ ಸಾರು ಬಡಿಸಿದಳು. ತಾನೂ ಎದುರಿಗೆ ಕೂತಳು.

“ನಾನು ಯಾವತ್ತು ಉಪವಾಸ ಇದ್ದೆ ಮಗಾ? ಇನ್ನು ಮಾರ್ಕೆಟ್ಟಿಗೆ ಹೋದರೆ ಎಲ್ಲರೂ ನನ್ನನ್ನು ಅಯ್ಯೋ ಪಾಪ ಅಂತ ನೋಡ್ತಾರೆ.”

“ಅದು ಸಂಪಾದಕರು ಸೇರಿಸಿದ್ದು ಅಮ್ಮ.”

“ನಿನ್ನನ್ನು ಕೇಳಲಿಲ್ವಾ?”

ನಾನು ಮೀನಿನ ಮುಳ್ಳು ಬಿಡಿಸತೊಡಗಿದೆ. ಅಷ್ಟರಲ್ಲಿ ಸಂಪಾದಕರದೇ ಫೋನ್. ಅವರ ಗಂಟಲು ದೊಡ್ಡದು, ಅಮ್ಮನಿಗೂ ಕೇಳುತ್ತಿತ್ತು. ಓದುಗರಿಗೆ ಲೇಖನ ತುಂಬಾ ಹಿಡಿಸಿದೆಯಂತೆ. ಮುಂದಿನ ತಿಂಗಳಿನಿಂದ ನನಗೆ ಅಂಕಣ. “ಆ ಉಪವಾಸದ ದಿನಗಳನ್ನೇ ಇನ್ನೂ ಬಿಡಿಸಿ ಬರೀರಿ ಮೇಡಂ.”

ವರ್ಷಗಳಿಂದ ಕಾದಿದ್ದ ಅಂಕಣ ಅದು. ಅಮ್ಮ ಊಟ ನಿಲ್ಲಿಸಿ ನನ್ನ ಮುಖವನ್ನೇ ನೋಡುತ್ತಿದ್ದಳು. ಇಲ್ಲ ಎನ್ನಲೆಂದೇ ಬಾಯಿ ತೆರೆದೆ, ದೇವರಾಣೆ.

“ಆಗಲಿ ಸರ್” ಅಂದೆ.

ಅಮ್ಮ ತನ್ನ ಪಾಲಿನ ಮೀನನ್ನೂ ಎತ್ತಿ ನನ್ನ ಬಟ್ಟಲಿಗೆ ಹಾಕಿದಳು. “ತಿನ್ನು. ಈ ಮನೆಯಲ್ಲಿ ನೀನೂ ಉಪವಾಸ ಇದ್ದೆ ಅಂತ ಮಾತ್ರ ಬರೆಯಬೇಡ.”