ಅಡಿವೆವ್ವನ ಹೆಸರಿನ ಮುಂದಿದ್ದ ಸಾಲು

ಮಗಳು ಸಂಪದಾಳ ಎಡತೋಳಿನ ಮೇಲೆ ಕೆಂಪು ಗೆರೆ ಕಂಡ ದಿನದಿಂದ ಪದ್ಮಜಾಗೆ ಅನುಮಾನ ಹತ್ತಿತ್ತು. ವರ್ಷ ತುಂಬದ ಕೂಸು, ಬಾಯಿಬಿಟ್ಟು ಹೇಳುವಂತಿಲ್ಲ. ಒಂಬತ್ತಕ್ಕೆ ತಾನು ಕಾಲೇಜಿಗೆ ಪಾಠ ಹೇಳಲು ಹೊರಟರೆ ನಾಲ್ಕರವರೆಗೆ ಹಿರೇಕೆರೂರಿನ ಆ ಬಾಡಿಗೆ ಮನೆಯಲ್ಲಿ ಕೂಸು ಮತ್ತು ಅದನ್ನು ನೋಡಿಕೊಳ್ಳುವ ಅಡಿವೆವ್ವ, ಇಬ್ಬರೇ.

ಅಡಿವೆವ್ವನ ಬಗ್ಗೆ ಅವಳಿಗೆ ಗೊತ್ತಿದ್ದುದಾದರೂ ಎಷ್ಟು? ಊರು ಹಿರೇಬೆಂಡಿಗೇರಿ. ಗಂಡ ಸತ್ತ ಮೇಲೆ ಇದೇ ಊರಲ್ಲಿರುವ ಮಗಳು ಇರಮನ ಮನೆಗೆ ಬಂದು ಹನ್ನೊಂದು ವರ್ಷ. ಕೂಸಿಗೆ ಎರೆಯುವ ಕೈ ಚಲೋದು ಅಂತ ಓಣಿಯವರು ಹೇಳಿದ್ದು, ಅಷ್ಟೇ. ಕಾಲು ಚಾಚಿ ಕೂತು, ಮೊಣಕಾಲ ಮೇಲೆ ಸಂಪದಾಳನ್ನು ಮಲಗಿಸಿ, "ಯಾಕ ಅಳ್ತಿ ದೇಸಾಯ್ತಿ? ನಿಮ್ಮವ್ವ ಕಾಲೇಜಿನ್ಯಾಗ ಹುಡುಗೂರಿಗೆ ಬೈತಾಳ, ನೀ ಇಲ್ಲಿ ನನಗ ಬೈ" ಎಂದು ನೀರು ಸುರಿಯುತ್ತಿದ್ದಳು.

"ಅನುಮಾನ ಇದ್ರ ಆಕಿನ್ನ ಕೆಲಸ ಬಿಡಿಸಿಬಿಡು, ಇಲ್ಲಂದ್ರ ಸುಮ್ನಿರು" ಎಂದ ಗಂಡ ಪ್ರಾಣೇಶ. ಪದ್ಮಜಾಗೆ ಎರಡೂ ಆಗಲಿಲ್ಲ. ಮನೆಗೆಲಸದವರ ಪೂರ್ವಾಪರವನ್ನು ಪೊಲೀಸರಿಂದ ತೆಗೆಸಬಹುದು ಅಂತ ಮೊಬೈಲಿನಲ್ಲಿ ಓದಿದಳು.

"ಅಡಿವೆವ್ವ, ನಿನ್ನ ಆಧಾರ್ ಕಾರ್ಡ್ ಒಂಚೂರು ಕೊಡು. ಗ್ಯಾಸಿನವರು ಮನ್ಯಾಗಿನವರದೆಲ್ಲ ಕೇಳ್ಯಾರ."

"ತಗೋರಿ ಬಾಯಾರ. ಅದರಾಗ ನನ್ನ ಮಾರಿ ಕಳ್ಳಿ ಮಾರಿಯಂಗ ಕಾಣ್ತೈತಿ, ನಗಬ್ಯಾಡ್ರಿ ಮತ್ತ!"

ಪದ್ಮಜಾ ನಕ್ಕಳು. ಕಾಲೇಜಿಗೆ ಹೋಗಿ ಮೊಬೈಲಿನಲ್ಲೇ, ಮನೆಯ ವಿಳಾಸ ಕೊಟ್ಟು, ಪೊಲೀಸರಿಗೆ ಅರ್ಜಿ ಹಾಕಿದಳು.

ಹತ್ತು ದಿನಕ್ಕೆ ಉತ್ತರ ಬಂತು. ಅಡಿವೆವ್ವನ ಹೆಸರಿನ ಮುಂದೆ ಒಂದೇ ಸಾಲು: ಕುಡುಗೋಲಿನಿಂದ ಹಲ್ಲೆ, ಪ್ರಕರಣ ಬಾಕಿ, ಆರೋಪಿ ತಲೆಮರೆಸಿಕೊಂಡಿದ್ದಾರೆ.

ಕುಡುಗೋಲು! ಪಾಠ ಅರ್ಧಕ್ಕೆ ಬಿಟ್ಟು ಮನೆಗೆ ಓಡಿಬಂದರೆ, ಬಾಗಿಲಲ್ಲಿ ಆಗಲೇ ಹಳೇ ವಾರಂಟು ಹಿಡಿದು ಇಬ್ಬರು ಪೊಲೀಸರು, ಜೊತೆಗೊಬ್ಬ ಹೆಣ್ಣು ಪೇದೆ. ಕೂಸಿನ ಮೈತುಂಬ ಎಣ್ಣೆ.

"ನೀರು ಆರತಾವ್ರಿ ಸಾಹೇಬ್ರ. ಎರದು ಬರ್ತೇನಿ" ಎಂದಳು ಅಡಿವೆವ್ವ.

ಅವರು ನಿಂತರು. ಆಕೆ ಎರೆದಳು, ಒರೆಸಿದಳು, ಕೂಸಿನ ಹಣೆಗೆ ಕಾಡಿಗೆ ಬೊಟ್ಟಿಟ್ಟು ಪದ್ಮಜಾಳ ಕೈಗೆ ಕೊಟ್ಟಳು. "ಏನೋ ತಪ್ಪಾಗಿರಬೇಕ್ರಿ ಬಾಯಾರ. ನಾಳೆ ಬರ್ತೇನಿ."

ಬರಲಿಲ್ಲ. ಮರುದಿನ ಬಂದವಳು ಇರಮ, ಅತ್ತು ಕಣ್ಣು ಊದಿಸಿಕೊಂಡು. ಹೇಳಿದಳು: ಹನ್ನೆರಡು ವರ್ಷದ ಹಿಂದೆ ಬದುವಿನ ಹುಲ್ಲಿಗಾಗಿ ಪಕ್ಕದ ಹೊಲದ ಸರೋಜವ್ವನಿಗೂ ಅವ್ವನಿಗೂ ಜಗಳ. ಕುಡುಗೋಲಿನ ಹಿಡಿ ತಾಗಿ ಸರೋಜವ್ವನ ಹಣೆ ಒಡೆಯಿತು. ಆಕೆಯ ಗಂಡ ಕರಿಬಸಪ್ಪ ಕೇಸು ಕೊಟ್ಟ. ತಿಂಗಳಲ್ಲಿ ಹಿರಿಯರು ಎರಡೂ ಮನೆಯವರನ್ನು ಮಠಕ್ಕೆ ಕರೆಸಿ, ವಿಭೂತಿ ಮುಟ್ಟಿಸಿ, ಈ ಮಾತು ಇನ್ನು ಯಾರೂ ಎತ್ತಬಾರದು ಅಂತ ಆಣೆ ಮಾಡಿಸಿ, ಒಂದೇ ಪಂಕ್ತಿಯಲ್ಲಿ ಉಣ್ಣಿಸಿದರು. ಆಮೇಲೆ ಸರೋಜವ್ವನ ಮೊಮ್ಮಗಳಿಗೆ ಮೂರು ತಿಂಗಳು ಎಣ್ಣೆ ಹಚ್ಚಿ ಎರೆದದ್ದು ಇದೇ ಅಡಿವೆವ್ವ.

"ಮುಗೀತು ಅಂದ್ಕೊಂಡ್ವಿರಿ. ಕೋರ್ಟಿಗೂ ಹೇಳಬೇಕು ಅಂತ ಒಬ್ಬರಿಗರ ಹೊಳೀಲಿಲ್ಲ. ಅವ್ವ ಇಲ್ಲಿಗೆ ಬಂದ್ಲು, ಕೋರ್ಟಿನ ಕಾಗದ ಅಲ್ಲಿ ಊರ ಮನಿ ಬೀಗ ನೋಡಿ ತಿರುಗಿ ಹೋದುವು."

ಕುಡುಗೋಲು ಬರೆದಿಟ್ಟವರು ಆ ಮೂರು ತಿಂಗಳ ಬಿಸಿನೀರು ಎಲ್ಲಿಯೂ ಬರೆದಿರಲಿಲ್ಲ.

"ಸರೋಜವ್ವ ಕೋರ್ಟಿಗೆ ಬಂದು ನಮ್ಮದು ರಾಜಿ ಆಗೇತಿ ಅಂದ್ರ ಅವ್ವ ಲಗೂನ ಹೊರಗ ಬರ್ತಾಳಂತ. ಆದ್ರ ಆಕಿ ಒಲ್ಲೆ ಅಂತಾಳ್ರಿ. ಆಣಿ ಮುರದಾಕಿ ನೀನ ಅಂತ ಊರೆಲ್ಲ ಆಕಿಗೆ ಉಗಳಾಕತ್ತೈತಿ. ಆಕಿ ನೋಡಿದ್ರ, 'ಕೆದಕಿದವರು ಯಾರೋ, ಹೆಸರು ಮಾತ್ರ ನಂದಾ? ಪೊಲೀಸರಿಗೆ ಹೇಳಿದವರು ಬಂದು ಒಪ್ಕೊಳ್ಳಲಿ, ಆಮ್ಯಾಲೆ ಬರ್ತೇನಿ' ಅಂತಾಳ." ಇರಮ ಕಣ್ಣೊರೆಸಿಕೊಂಡಳು. "ಯಾರು ಹೇಳ್ಯಾರ್ರಿ ಬಾಯಾರ? ನಿಮಗೇನರ ಗೊತ್ತೈತೇನ್ರಿ?"

"ಇಲ್ಲ" ಎಂದಳು ಪದ್ಮಜಾ.

ಹೋಗುವಾಗ ಇರಮ ಸರೋಜವ್ವನ ನಂಬರು ಬರೆದಿಟ್ಟಳು. "ನೀವು ಕಲತವರು, ಒಂದು ಮಾತು ಹೇಳಿ ನೋಡ್ರಿ."

"ನಿನ್ನ ಹೆಸರು ಎಲ್ಲೂ ಬಂದಿಲ್ಲ. ಬಾಯಿ ಮುಚ್ಕೊಂಡಿರು. ಸಣ್ಣ ಊರದು, ನಾಳೆ ಯಾರೂ ಕೆಲಸಕ್ಕ ಬರಂಗಿಲ್ಲ" ಎಂದ ಪ್ರಾಣೇಶ. ನಾಲ್ಕು ದಿನ ಮುಚ್ಚಿಕೊಂಡೇ ಇದ್ದಳು. ಅಡಿವೆವ್ವ ಹಾವೇರಿಯ ಜೈಲಿನಲ್ಲಿ ನೆಲದ ಮೇಲೆ ಮಲಗಿದ್ದಳು.

ಐದನೆಯ ದಿನ, ಕಾಲೇಜಿಗೆ ರಜೆ ಹಾಕಿ ಮನೆಯಲ್ಲೇ ಇದ್ದ ಪದ್ಮಜಾ ತಾನೇ ಎರೆಯಲು ಕೂತಳು. ಹುಬ್ಬಳ್ಳಿಯಿಂದ ತಾನೇ ಆರಿಸಿ ತಂದಿದ್ದ ಹಳದಿ ಫ್ರಾಕು ಬಿಚ್ಚಿದಾಗ ಎಡತೋಳಿನ ಮೇಲೆ ಅದೇ ಗೆರೆ, ಹಸಿಹಸಿಯಾಗಿ. ತೋಳಿನ ಎಲಾಸ್ಟಿಕ್ ಒಂದು ಕಡೆ ಮಡಚಿ ಹೊಲಿದಿತ್ತು. ಅಲ್ಲಿಯೇ ಬಿಗಿ.

ಕೂಸು ಒದ್ದೆಮೈಯಲ್ಲಿ ಅಳುತ್ತಿತ್ತು. ಪದ್ಮಜಾ ಅದನ್ನು ಟವೆಲಿನಲ್ಲಿ ಸುತ್ತಿ ಎದೆಗವಚಿಕೊಂಡು ನಂಬರು ಒತ್ತಿದಳು.

"ಯಾರ್ರಿ?" ಬಿರುಸು ದನಿ.

"ಸರೋಜವ್ವಾರೇನ್ರಿ? ನಾನು ಹಿರೇಕೆರೂರಿಂದ ಪದ್ಮಜಾ. ಅಡಿವೆವ್ವ ನಮ್ಮ ಕೂಸಿನ್ನ ನೋಡ್ಕೋತಿದ್ಲು. ಆಣಿ ಮುರದಾಕಿ ನೀವಲ್ಲ, ಆಕಿನೂ ಅಲ್ಲ. ಪೊಲೀಸರಿಗೆ ಆಕಿ ಹೆಸರು ಕೊಟ್ಟಾಕಿ ನಾನ್ರಿ."

ಸರೋಜವ್ವ ಕೇಳಿದಳು: "ಅಡಿವೆವ್ವಗ ಗೊತ್ತೈತೇನು?"

"ಇಲ್ರಿ" ಎಂದಳು ಪದ್ಮಜಾ. "ಆಕಿ ಮುಂದನ ಹೇಳ್ತೇನಿ. ನೀವು ಕೋರ್ಟಿಗೆ ಬರ್ರಿ."