ಮೊದಲ ವೀಳ್ಯ

ನಮ್ಮ ತಾತ ಪಿಳ್ಳಪ್ಪನಿಗೆ ಕೊಡಿಗೇಹಳ್ಳಿಯಲ್ಲಿ ಇದ್ದ ಕೆಲಸ ಒಂದೇ, ಮದುವೆಗಳಲ್ಲಿ ಮೊದಲ ವೀಳ್ಯ ತೆಗೆದುಕೊಳ್ಳುವುದು. ಹೊಲ ಉಳುವುದಕ್ಕೆ ನಮ್ಮಪ್ಪ ಇದ್ದ, ದನ ಮೇಯಿಸುವುದಕ್ಕೆ ಆಳಿದ್ದ, ಬೈಸಿಕೊಳ್ಳುವುದಕ್ಕೆ ನಮ್ಮಜ್ಜಿ ಇದ್ದಳು. ತಾತ ಊರಿನ ಯಜಮಾನ. ಚಪ್ಪರದ ಕೆಳಗೆ ಕರಿಕಂಬಳಿ ಹಾಸಿ ಅವನನ್ನು ಕೂರಿಸಬೇಕು. ವೀಳ್ಯ ಕೂಗುವ ಕೃಷ್ಣಯ್ಯ ಗಂಟಲು ಹರಿಯುವಂತೆ 'ಯಜಮಾನ್ರ ವೀಳ್ಯ' ಎಂದು ಕೂಗಬೇಕು. ಎಲೆ ಅಡಿಕೆ ಕೈಗೆ ಬಂದ ಮೇಲೆ ತಾತ ಅದನ್ನು ಕಣ್ಣಿಗೊತ್ತಿಕೊಂಡು 'ಆಗ್ಲಿ' ಅನ್ನಬೇಕು. ಆಮೇಲೇ ವಾಲಗ, ಆಮೇಲೇ ತಾಳಿ. ಆ ಒಂದು ಮಾತು ಬರುವ ತನಕ ಮುಹೂರ್ತ ಮೀರಿದರೂ ಸರಿ, ಗಂಡು ತಾಳಿ ಹಿಡಿದುಕೊಂಡು ಬಾಯಿ ಬಾಯಿ ಬಿಡುತ್ತಾ ಕಾಯಬೇಕು.

ಇದೇನು ಮಹಾ ಘನಂದಾರಿ ಕೆಲಸವೇ ಎಂದು ನೀವು ಕೇಳಬಹುದು. ನಾನೂ ಚಿಕ್ಕವಳಿದ್ದಾಗ ಕೇಳಿ ಅಜ್ಜಿಯ ಕೈಲಿ ತಿವಿಸಿಕೊಂಡಿದ್ದೆ. ಆದರೆ ತಾತನೇನು ಸಾಚಾ ಅಂತ ಹೇಳುತ್ತಿಲ್ಲ. ಐವತ್ಮೂರನೇ ಇಸವಿಯಲ್ಲಿ ನಮ್ಮೂರಿನ ಒಂದು ಮದುವೆಗೆ ಬಾಗಲೂರಿನ ಬೀಗರು ಬಂದಿದ್ದರು. ಅವರು ತಮ್ಮೂರಿನ ಯಜಮಾನನಿಗೆ ಮೊದಲು ವೀಳ್ಯ ಕೊಡಿಸಿಬಿಟ್ಟರು. ತಾತ ಟವಲು ಕೊಡವಿ ಕಂಬಳಿಯಿಂದ ಎದ್ದು ಹೋದ. ಮಾತಿಗೆ ಮಾತು ಬೆಳೆದು ಬಾಗಲೂರಿನವರೂ ಗಾಡಿ ಕಟ್ಟಿದರು. ಮದುಮಗಳು ಅಂಜಿನಮ್ಮ ಅರಿಶಿನದ ಮೈಯಲ್ಲಿ ಹಸೆಮಣೆಯ ಮೇಲೆ ಒಬ್ಬಳೇ ಕೂತು ಅತ್ತಳು. ಯಜಮಾನ ಅಂದರೆ ಹೀಗಿರಬೇಕು ಎಂದು ಊರೆಲ್ಲ ತಾತನನ್ನು ಹೊಗಳಿತು. ಅಂಜಿನಮ್ಮನಿಗೆ ಆಮೇಲೆ ಗಂಡು ಸಿಕ್ಕಿತೋ ಇಲ್ಲವೋ ಎಂದು ಹೊಗಳಿದವರು ಯಾರೂ ಕೇಳಲಿಲ್ಲ. ಕೊನೆಗೆ ಎರಡನೇ ಸಂಬಂಧಕ್ಕೆ ಕೊಟ್ಟರು.

ಆಮೇಲೆ ಜಾಲಹಳ್ಳಿ ಕಡೆ ಫ್ಯಾಕ್ಟರಿ ಬಂತು. ನಮ್ಮ ಹೊಲ ಅದರ ಬೇಲಿಯೊಳಕ್ಕೆ ಹೋಯಿತು, ಹೊಲದ ಹಿಂದೆಯೇ ನಮ್ಮಪ್ಪ ಚನ್ನಕೇಶವನೂ ಹೋದ. ಖಾಕಿ ಬಟ್ಟೆ, ಸೈಕಲ್ಲು, ಊಟದ ಕ್ಯಾರಿಯರು. ಅಲ್ಲಿಯ ತನಕ ತಾತನೆದುರು ತಲೆ ಎತ್ತದೆ ಇದ್ದವನು ಈಗ ಜಗಲಿಯ ಮೇಲೆ ಕಾಲು ಚಾಚಿ ಕೂತು, 'ನಮ್ಮ ಸೆಕ್ಷನ್ನು, ನಮ್ಮ ಮೆಷಿನ್ನು' ಎಂದು ಕೊಚ್ಚಿಕೊಳ್ಳತೊಡಗಿದ. ಹೊಲವನ್ನು ಒಂದು ದಿನವೂ ಅವನು ಅಷ್ಟು ಬಾಯ್ತುಂಬ ನಮ್ಮದು ಅಂದಿರಲಿಲ್ಲ.

ತಾತನೂ ಒಮ್ಮೆ ಫ್ಯಾಕ್ಟರಿಯ ತನಕ ಹೋದ. ತನ್ನಪ್ಪ ನೆಟ್ಟ ಹುಣಸೆಮರ ಒಳಗೆ ಇದೆಯೋ, ಕಡಿದರೋ ನೋಡಬೇಕಾಗಿತ್ತಂತೆ. ಗೇಟು ಕಾಯುತ್ತಿದ್ದ ಯಲಹಂಕದ ಖಾದರ್ ಬಾಷಾ ಒಳ್ಳೆಯ ಮನುಷ್ಯನೇ. ವಯಸ್ಸಾದವರಿಗೆ ಒಳಗೆ ಕೆಲಸ ಕೊಡುವುದಿಲ್ಲ ಎಂದು ನಯವಾಗಿ ಹೇಳಿ, ಕುಡಿಯುವುದಕ್ಕೆ ನೀರು ಕೊಟ್ಟು ಕಳಿಸಿದ. ಇವನ ಹತ್ತಿರ ಕೆಲಸ ಯಾವನು ಕೇಳಿದ ಎಂದು ತಾತ ವಾರವೆಲ್ಲ ಉರಿದುಬಿದ್ದ. ಸಮಾಧಾನ ಮಾಡಲು ಹೋದ ನಮ್ಮಪ್ಪ, ಅಲ್ಲಿ ಐವತ್ತೈದು ತುಂಬಿದರೆ ಎಂಥವನನ್ನೂ ಮನೆಗೆ ಕಳಿಸುತ್ತಾರೆ, ಕಾನೂನೇ ಹಾಗೆ ಎಂದು ವಿವರಿಸಿದ. ತಾತ ಬಾಯಿಂದ ಎಲೆಯಡಿಕೆ ಉಗಿದು ಅವನನ್ನೇ ನೋಡಿದ.

"ಐವತ್ತೈದಕ್ಕೆ ಮನುಸನಿಗೆ ಬುದ್ಧಿ ಬರಕ್ಕೆ ಸುರುವಾಗ್ತದೆ. ಆವಾಗ ಮನೇಗ್ ಕಳಿಸ್ತಾರಾ? ಅಂಗಾರೆ ಅಲ್ಲಿ ಇರೋರೆಲ್ಲ ಯಾರ್ಲಾ?"

ನಮ್ಮಪ್ಪ ಶಿಫ್ಟಿಗೆ ಹೊತ್ತಾಯಿತು ಎಂದು ಸೈಕಲ್ಲು ಹತ್ತಿದ. ಊರಿಗೆ ಊರೇ ಹಾಗೆ ಸೈಕಲ್ಲು ಹತ್ತುತ್ತಿತ್ತು. ಅರಳಿಕಟ್ಟೆಯ ಮೇಲೆ ನ್ಯಾಯ ಹೇಳೋಣ ಎಂದರೆ ವಾದಿ ಮೊದಲನೇ ಶಿಫ್ಟು, ಪ್ರತಿವಾದಿ ಎರಡನೇ ಶಿಫ್ಟು. ಅಣ್ಣತಮ್ಮಂದಿರ ಜಗಳವನ್ನೂ ಗಂಡಹೆಂಡಿರ ಜಗಳವನ್ನೂ ಯೂನಿಯನ್ನಿನ ಹುಡುಗರು ಕ್ಯಾಂಟೀನಿನಲ್ಲಿ ಒಂದು ಟೀ ಕುಡಿಯುವಷ್ಟರಲ್ಲಿ ಮುಗಿಸುತ್ತಿದ್ದರು. ತಾತ ಮಾತ್ರ ದಿನಾ ಬೆಳಗ್ಗೆ ಪೇಟ ಸುತ್ತಿಕೊಂಡು ಹೋಗಿ ಕಟ್ಟೆಯ ಮೇಲೆ ಕೂತು, ಬಿಸಿಲೇರಿದ ಮೇಲೆ ಮನೆಗೆ ಬರುತ್ತಿದ್ದ. ಹೀಗೆ ಎಲ್ಲ ಹೋದ ಮೇಲೂ ಅವನಿಗೆ ಉಳಿದದ್ದು ಮದುವೆಯ ಮೊದಲ ವೀಳ್ಯ ಒಂದೇ.

ಅರವತ್ತೈದರಲ್ಲಿ ನನಗೆ ಮದುವೆ ಗೊತ್ತಾಯಿತು. ಗಂಡು ನಾಗಸಂದ್ರದವನು, ಅದೇ ಫ್ಯಾಕ್ಟರಿಯಲ್ಲಿ ಕೆಲಸ, ಆದರೆ ಕೆಲಸ ಇನ್ನೂ ಖಾಯಂ ಆಗಿರಲಿಲ್ಲ. ಖಾಯಂ ಮಾಡುವುದು ನಮ್ಮಪ್ಪನ ಸೆಕ್ಷನ್ನಿನ ಫೋರ್‌ಮನ್ ಕೈಯಲ್ಲಿತ್ತು. ನನ್ನ ಮುಹೂರ್ತವನ್ನು ಪಂಚಾಂಗ ನೋಡಿ ಇಡಲಿಲ್ಲ, ಫ್ಯಾಕ್ಟರಿಯ ರಜೆ ನೋಡಿ ಇಟ್ಟರು. ಪುರೋಹಿತನೂ ಭಾನುವಾರ ಬಹಳ ಒಳ್ಳೆಯ ದಿನ ಅಂದುಬಿಟ್ಟ. ಮೊದಲ ವೀಳ್ಯ ಫೋರ್‌ಮನ್ ಸಾಹೇಬರಿಗೆ ಎಂದು ನಮ್ಮಪ್ಪ ಒಳಗೊಳಗೇ ತೀರ್ಮಾನಿಸಿದ. ಅರಿಶಿನ ಹಚ್ಚುವಾಗ ಅಮ್ಮ ನನ್ನ ಕಿವಿಯಲ್ಲಿ ಅದನ್ನು ಉಸುರಿ, "ನಿಮ್ಮ ತಾತ ಎದ್ದು ಹೋದ್ರೆ ಏನೇ ಗತಿ?" ಎಂದಳು. ಎರಡನೇ ವೀಳ್ಯ ಕೊಟ್ಟರೆ ತಾತ ಏನು ಮಾಡುತ್ತಾನೆ ಎಂದು ಊರಿಗೇ ಗೊತ್ತಿತ್ತು.

ಆದರೆ ನಮ್ಮಪ್ಪ ಸುಮ್ಮನೆ ಸೆಕ್ಷನ್ನು ನೋಡಿಕೊಳ್ಳುತ್ತಿದ್ದನೇ? ಯಶವಂತಪುರದಿಂದ ಮಡಚುವ ಕಬ್ಬಿಣದ ಕುರ್ಚಿಗಳನ್ನು ಬಾಡಿಗೆಗೆ ತರಿಸಿ, ಮುಂದಿನ ಸಾಲಿನಲ್ಲಿ ಒಂದರ ಮೇಲೆ ದುಪ್ಪಟಿ ಹಾಸಿ ತಾತನನ್ನು ಕರೆತಂದ. "ಅಪ್ಪಾ, ನಿಂಗೆ ಮಂಡಿನೋವು. ಕಂಬಳಿ ಮೇಲ್ ಕೂತ್ರೆ ಏಳಕ್ಕಾಗಲ್ಲ. ಇಲ್ಲಿ ಆರಾಮಾಗಿ ಕೂತ್ಕೋ" ಎಂದ. ಎಂಥ ಪ್ರೀತಿ, ನೋಡಿದವರ ಕಣ್ಣಲ್ಲಿ ನೀರು ಬರಬೇಕು. ಕಂಬಳಿಯ ಮೇಲೆ ಕೂತವನಿಗೆ ಮಾತ್ರ ಮೊದಲ ವೀಳ್ಯ, ಕುರ್ಚಿಯ ಮೇಲೆ ಕೂತವನು ಬರೀ ನೆಂಟ. ಇದು ನಮ್ಮೂರಿನ ಎಮ್ಮೆಗಳಿಗೂ ಗೊತ್ತು. ತಾತನಿಗೆ ಗೊತ್ತಿರಲಿಲ್ಲವೇ? ಆದರೂ ಹಿಗ್ಗಿಹೋದ. ಮಗ ನನಗೋಸ್ಕರ ಕುರ್ಚಿ ತರಿಸವ್ನೆ ಎಂದು ಬಂದವರಿಗೆಲ್ಲ ಹೇಳಿಕೊಂಡ. ವೀಳ್ಯದ ಹೊತ್ತಿಗೆ ಕೆಳಗಿಳಿದು ಕೂತರಾಯಿತು ಎಂದುಕೊಂಡಿದ್ದನಂತೆ.

ಫೋರ್‌ಮನ್ ಮಲ್ಲೇಶ್ವರದಿಂದ ಕಾರಿನಲ್ಲಿ ಬಂದ. ತಾತನ ಅರ್ಧ ವಯಸ್ಸು, ಬಿಗಿಯಾದ ಟೆರಿಲಿನ್ ಪ್ಯಾಂಟು, ಚಪ್ಪರದ ನೆರಳಲ್ಲೂ ಕಪ್ಪು ಕನ್ನಡಕ. ನಮ್ಮಪ್ಪ ಬೆನ್ನು ಬಗ್ಗಿಸಿಕೊಂಡೇ ಅವನನ್ನು ಕರೆತಂದು ಕಂಬಳಿ ತೋರಿಸಿದ. ಅವನು ಕಂಬಳಿ ನೋಡಿದ, ತನ್ನ ಪ್ಯಾಂಟಿನ ಇಸ್ತ್ರಿ ನೋಡಿದ, ನೆಲದ ಮೇಲೆ ಕೂರುವುದು ತನ್ನಿಂದಾಗದು ಎಂದು ನಕ್ಕ. ಅಯ್ಯೋ, ಅದಕ್ಕೇನಂತೆ! ನಮ್ಮಪ್ಪ ಓಡಿಹೋಗಿ ಇನ್ನೊಂದು ಕುರ್ಚಿ ತಂದು ಕಂಬಳಿಯ ಮೇಲೇ ಇಟ್ಟ. ಶಾಸ್ತ್ರವೂ ಉಳಿಯಿತು, ಇಸ್ತ್ರಿಯೂ ಉಳಿಯಿತು. ಇದೇ ಕೆಲಸವನ್ನು ತಾತನಿಗೂ ಮಾಡಬಹುದಿತ್ತಲ್ಲ ಎಂದು ಅಲ್ಲಿದ್ದ ಒಬ್ಬ ಗಂಡಸಿಗೂ ಹೊಳೆಯಲಿಲ್ಲ. ಹೊಳೆದಿದ್ದರೂ ಬಾಯಿ ಬಿಡಲಿಲ್ಲ, ನಾಚಿಕೆಗೆಟ್ಟವರು.

ಏನೆಂದು ಕೂಗಲಿ ಎಂದು ಕೃಷ್ಣಯ್ಯ ನಮ್ಮಪ್ಪನನ್ನು ಕೇಳಿದ. ಕೃಷ್ಣಯ್ಯನ ಮಗನಿಗೂ ಅದೇ ಫ್ಯಾಕ್ಟರಿಯಲ್ಲಿ ಕೆಲಸ ಬೇಕಾಗಿತ್ತು. ಹಾಗಾಗಿ ನಮ್ಮಪ್ಪ ಹೇಳಿಕೊಟ್ಟಂತೆಯೇ, "ಫೋರ್‌ಮನ್ ಸಾಯೇಬ್ರ ವೀಳ್ಯ" ಎಂದು ಕೂಗಿದ. ಫೋರ್‌ಮನ್ ಥ್ಯಾಂಕ್ಸ್ ಅಂದು, ಎಲೆಯನ್ನು ಏನು ಮಾಡಬೇಕೆಂದು ತಿಳಿಯದೆ ಪಕ್ಕದವನ ಕೈಗೆ ಕೊಟ್ಟ.

ಆಮೇಲೆ ಕೃಷ್ಣಯ್ಯ, "ಯಜಮಾನ್ರ ವೀಳ್ಯ" ಎಂದ. ದನಿ ಅರ್ಧಕ್ಕೇ ನಿಂತಿತು. ತಾತ ಕುರ್ಚಿ ಬಿಟ್ಟು, ಮಂಡಿ ಹಿಡಿದುಕೊಂಡು ಮೆಲ್ಲಗೆ ಬಂದ. ಕಂಬಳಿಯ ಮೇಲೆ ಕೂರುವುದಕ್ಕೆ ಜಾಗ ಇರಲಿಲ್ಲ, ಪಕ್ಕದಲ್ಲಿ ನಿಂತ. ಕೃಷ್ಣಯ್ಯ ಎಲೆ ಹಿಡಿದು ತಲೆ ತಗ್ಗಿಸಿದ. ತಾತ ಎಲೆ ನೋಡಿದ, ಮಗನನ್ನು ನೋಡಿದ, ಕೊನೆಗೆ ನನ್ನನ್ನು ನೋಡಿದ. ನಾಚಿಕೆ ಬಿಟ್ಟು ಹೇಳುತ್ತೇನೆ, ಆ ಕ್ಷಣದಲ್ಲಿ ನನಗೆ ತಾತನ ಮಾನ ಬೇಕಿರಲಿಲ್ಲ, ತಾಳಿ ಬೇಕಿತ್ತು.

ತಾತ ಎರಡೂ ಕೈ ಚಾಚಿ ವೀಳ್ಯ ತೆಗೆದುಕೊಂಡ. ಜನ್ಮದಲ್ಲಿ ಎರಡನೇ ವೀಳ್ಯ ಮುಟ್ಟದವನು ಅದನ್ನು ಕಣ್ಣಿಗೊತ್ತಿಕೊಂಡ. ನನಗೆ ಅಳು ತಡೆಯಲಾಗಲಿಲ್ಲ. ತಾತ ಎಲೆಯನ್ನು ಎದೆಗಿಟ್ಟುಕೊಂಡು, ಮಾತಾಡಲು ಗಂಟಲು ಸರಿಮಾಡಿಕೊಂಡ.

ಅಷ್ಟರಲ್ಲಿ ಫೋರ್‌ಮನ್ ವಾಚು ನೋಡಿದ. ಅದು ನಮ್ಮಪ್ಪನ ಕಣ್ಣಿಗೆ ಬಿತ್ತು. ಸಾಹೇಬರಿಗೆ ಹೊತ್ತಾಗುತ್ತದೆ, ನಡೀಲಿ ನಡೀಲಿ ಎಂದು ವಾಲಗದವರಿಗೆ ಕೈಬೀಸಿದ. ವಾಲಗ ಭೋರೆಂದಿತು. ಗಂಡು ನನ್ನ ಕೊರಳಿಗೆ ಬಗ್ಗಿ ಒಂದು, ಎರಡು, ಮೂರು ಗಂಟು ಹಾಕಿದ. ಅವನ ಹೆಗಲ ಮೇಲಿಂದ ನನಗೆ ತಾತನ ಬಾಯಿ ಕಾಣುತ್ತಿತ್ತು. "ಆಗ್ಲಿ" ಅಂದ. ಯಾರೂ ತಿರುಗಲಿಲ್ಲ, ಎಲ್ಲರೂ ನನ್ನ ಮೇಲೆ ಅಕ್ಷತೆ ಎರಚುತ್ತಿದ್ದರು. ಕೇಳಿಸಲಿಲ್ಲವೇನೋ ಎಂದು ತಾತ ಕತ್ತು ಮುಂದೆ ಚಾಚಿ ಇನ್ನೊಂದು ಸಲ ಅಂದ.

ಊಟಕ್ಕೆ ಕೂತಾಗ ನಮ್ಮಪ್ಪ ಬೆವರು ಒರೆಸಿಕೊಂಡು ನಾಗಸಂದ್ರದ ಬೀಗರಿಗೆ ಹೇಳುತ್ತಿದ್ದ.

"ಎಷ್ಟ್ ಎದ್ರಿದ್ದೆ ಗೊತ್ತಾ? ಪುಣ್ಯಕ್ಕೆ ನಮ್ಮಪ್ಪ ಬಾಯೇ ಬಿಡಲಿಲ್ಲ ಕಣ್ರೀ."